ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಲಾರಿ: ತಪಾಸಣೆ ಎಲ್ಲಿಂದ ಶುರು?

ಓಡೋಮೀಟರ್ ಎಂಟು ಲಕ್ಷ ತೋರಿಸಿತೆಂದು ಎಂಜಿನ್ ಕಥೆ ಮುಗಿಯಿತು ಅನ್ನಬೇಕಿಲ್ಲ. ದೊಡ್ಡ ಡೀಸೆಲ್ ಎಂಜಿನ್ನನ್ನು ಓಡಿದ ದೂರಕ್ಕಿಂತ ಹೆಚ್ಚಾಗಿ ಕೆಡಿಸುವುದು ಬಿಸಿ ಮತ್ತು ದೂಳು. ಆದ್ದರಿಂದ ರೇಡಿಯೇಟರ್‌ನಿಂದಲೇ ಶುರು ಮಾಡಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆಯಿರಿ. ಮೇಲೆ ಎಣ್ಣೆ ತೇಲುತ್ತಿದ್ದರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಮೇಲೆ ಅನುಮಾನ. ಬರೀ ನೀರು ತುಂಬಿ ಓಡಿಸಿದ ಗಾಡಿಯಾದರೆ ಇನ್ನೂ ಎಚ್ಚರ ಬೇಕು. ನೀರಿನಲ್ಲಿ ಕೂತ ಲೈನರ್ (ಪಿಸ್ಟನ್ ಓಡಾಡುವ ಲೋಹದ ಕೊಳವೆ) ಪಿಸ್ಟನ್ನಿನ ಹೊಡೆತಕ್ಕೆ ಅದುರುವಾಗ ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ, ಲೋಹವನ್ನು ಕಣಕಣವಾಗಿ ಕೊರೆಯುತ್ತವೆ. ಕೊನೆಗೆ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಎಣ್ಣೆಗೆ ಇಳಿಯುತ್ತದೆ. ಲೈನರ್ ಕಾಯುವ ಸಂಯೋಜಕವಿರುವ ಡೀಸೆಲ್ ಎಂಜಿನ್ನಿನ ಕೂಲೆಂಟನ್ನೇ (ತಣಿಸುವ ದ್ರವ) ಬಳಸಿ. ಸಾಂದ್ರ ರೂಪದ್ದಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಾಮಾನ್ಯವಾಗಿ ಅರ್ಧಕ್ಕರ್ಧ.

ಮುಂದಿನದು ಪಿಸ್ಟನ್ ಉಂಗುರಗಳ ಸ್ಥಿತಿ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳ ಸಡಿಲಿಸಿ. ತೆಳು ಹಬೆ ಸಹಜ; ಹೊಗೆ ಒತ್ತಿಕೊಂಡು ಬುಸುಗುಟ್ಟಿದರೆ ಪಿಸ್ಟನ್ ಉಂಗುರ, ಲೈನರ್ ಸವೆದಿರಬಹುದು. ಸಿಲಿಂಡರ್ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಎಂಜಿನ್ ಬಿಚ್ಚಬೇಡಿ. ಎಣ್ಣೆ ಬದಲಿಸುವಾಗ ಒಂದಿಷ್ಟನ್ನು ಪ್ರಯೋಗಾಲಯಕ್ಕೆ ಕಳಿಸುವುದು ನಮ್ಮ ಲೆಕ್ಕದಲ್ಲಿ ಅತ್ಯಂತ ಲಾಭದ ಖರ್ಚು. ಸಿಲಿಕಾನ್ ಜೊತೆ ಕಬ್ಬಿಣವೂ ಏರಿದ್ದರೆ ದೂಳು ಒಳಹೋಗುತ್ತಿದೆ. ಏರ್ ಫಿಲ್ಟರ್‌ನಿಂದ ಟರ್ಬೊವರೆಗಿನ ಹೋಸ್, ಕ್ಲಾಂಪ್‌ಗಳನ್ನು ಒಂದೊಂದಾಗಿ ನೋಡಿ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಸೋರಿಕೆಯ ಸುಳಿವು. ಒಂದೇ ವರದಿ ಸಾಲದು, ಮೂರ್ನಾಲ್ಕನ್ನು ಪಕ್ಕಪಕ್ಕ ಇಟ್ಟಾಗಲೇ ಸವೆತದ ವೇಗ ತಿಳಿಯುವುದು.

ಮುಂಭಾಗಕ್ಕೆ ಬನ್ನಿ. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ ಅಲುಗಾಟ) ಇದ್ದರೆ ಒಬ್ಬರು ಬ್ರೇಕ್ ತುಳಿಯಲಿ: ಆಗ ಪ್ಲೇ ನಿಂತರೆ ವೀಲ್ ಬೇರಿಂಗ್, ಉಳಿದರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಪಿನ್). ಕಿಂಗ್‌ಪಿನ್ನಿಗೆ ಗ್ರೀಸನ್ನೂ ಚಕ್ರ ಎತ್ತಿರುವಾಗಲೇ ಹೊಡೆಯಿರಿ. ಭಾರ ಬಿದ್ದಿದ್ದರೆ ಒತ್ತಿದ ಬದಿಗೆ ಅದು ಸರಿಯಾಗಿ ಹೋಗದಿರಬಹುದು. ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ನಿಲ್ಲಿಸಬೇಡಿ.

ಕೊನೆಗೆ ಏರ್ ಬ್ರೇಕ್. ಅದರ ಏರ್ ಟ್ಯಾಂಕಿನ ಡ್ರೇನ್ ತೆರೆದಾಗ ನೀರು ಬಂದರೆ, ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ನೋಡಿ. ಎಣ್ಣೆಯೂ ಬಂದರೆ ಕಂಪ್ರೆಸರ್ ಸವೆದಿರಬಹುದು. ಆ ಎಣ್ಣೆ ಬ್ರೇಕ್ ವಾಲ್ವ್‌ಗಳ ರಬ್ಬರನ್ನು ಉಬ್ಬಿಸುವ ಮೊದಲೇ ರಿಪೇರಿ ಮಾಡಿಸಿ.