ಪೂರ್ವಕಥೆಯ ಸಿನಿಮಾ: ನೋಡಿದವರ ಅಭಿಪ್ರಾಯ ಚಹಾಕ್ಕೆ ಮುಂಚೆ ಬರೆಸಿಕೊಳ್ಳಿ

ಸಿನಿಮಾ ಚರ್ಚೆ ಕೆಡುವುದು ಹೆಚ್ಚಾಗಿ ಚಹಾದ ಹೊತ್ತಿಗೆ. ಒಬ್ಬರು ಲೋಟ ಹಿಡಿದು "ಪುಸ್ತಕದ ಮುಂದೆ ಏನೂ ಅಲ್ಲ ಬಿಡಿ" ಅನ್ನುತ್ತಾರೆ, ಪುಸ್ತಕ ಮುಟ್ಟದವರೂ ತಲೆಯಾಡಿಸುತ್ತಾರೆ. ಆಮೇಲೆ ಇಪ್ಪತ್ತೈದು ಜನ ಮಾತಾಡಿದರೂ ಕೈಗೆ ಸಿಗುವುದು ಒಂದೇ ಅಭಿಪ್ರಾಯ. ಶಿರಸಿ, ಕುಮಟಾ, ಕಾರವಾರದ ಕಡೆ ಓದುಗರ ಬಳಗ ನಡೆಸುವವರು ಕಾದಂಬರಿಯಿಂದ ಬಂದ ಸಿನಿಮಾ ಎತ್ತಿಕೊಂಡಾಗ, ಅದರಲ್ಲೂ ಪ್ರೀಕ್ವೆಲ್, ಅಂದರೆ ಗೊತ್ತಿರುವ ಕಥೆಗೂ ಹಿಂದಿನ ಕಥೆ, ಎತ್ತಿಕೊಂಡಾಗ, ಈ ತೊಂದರೆ ಇಮ್ಮಡಿ. ಯಾಕೆಂದರೆ ಅಲ್ಲಿ ಕೂತವರೆಲ್ಲ ಒಂದೇ ಕಥೆಯನ್ನು ಬೇರೆ ಬೇರೆ ಬಾಗಿಲಿಂದ ಹೊಕ್ಕವರು.

ಉದಾಹರಣೆಗೆ ಸುಝಾನ್ ಕಾಲಿನ್ಸ್ ಅವರ 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಆ್ಯಂಡ್ ಸ್ನೇಕ್ಸ್' ತೆಗೆದುಕೊಳ್ಳಿ. ಕಾದಂಬರಿ ಬಂದದ್ದು 2020ರಲ್ಲಿ, ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶನದ ಸಿನಿಮಾ 2023ರಲ್ಲಿ. ಹುಡುಗ ಹುಡುಗಿಯರನ್ನು ಸಾಯುವವರೆಗೆ ಕಾದಾಡಿಸುವ ಆಟದ ಕಥೆ 'ಹಂಗರ್ ಗೇಮ್ಸ್'; ಅದಕ್ಕಿಂತ 64 ವರ್ಷ ಹಿಂದೆ ನಡೆಯುವ ಕಥೆ ಇದು. ಅಲ್ಲಿ ಮುದಿ ಸರ್ವಾಧಿಕಾರಿಯಾಗಿದ್ದ ಸ್ನೋ ಇಲ್ಲಿ 18ರ ಹುಡುಗ.

ಮೊದಲು ಕೂಟದ ದಿನ ಗೊತ್ತು ಮಾಡಿ. ಅಡಿಕೆ ಕೊನೆಕೊಯ್ಲಿನ ವಾರಗಳೂ ಮಾರಿಕಾಂಬೆ ಜಾತ್ರೆಯ ದಿನಗಳೂ ಬೇಡ. ಯಾರದೋ ಸ್ವಂತ ಓಟಿಟಿ ಖಾತೆಯಿಂದ ಸಭಾಭವನದಲ್ಲಿ ಸಿನಿಮಾ ತೋರಿಸುವ ಆಲೋಚನೆಯನ್ನು ಬಿಟ್ಟುಬಿಡಿ. ಆ ಚಂದಾ ಮನೆಯಲ್ಲಿ ನೋಡುವುದಕ್ಕೆ ಮಾತ್ರ, ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇರೆಯೇ ಬೇಕು. ಅವರವರ ಮನೆಯಲ್ಲಿ ನೋಡಿಕೊಂಡು ಬರಲಿ. ಸಿನಿಮಾ 157 ನಿಮಿಷ. ಕೂಟಕ್ಕೆ ನಾಲ್ಕು ದಿನದೊಳಗೆ ನೋಡಿರಬೇಕು ಎಂದು ಕರಾರು ಹಾಕಿ. ಎಂಟು ದಿನ ದಾಟಿದರೆ ತಲೆಯಲ್ಲಿ ದೃಶ್ಯಗಳು ಮಾಸಿ ತೀರ್ಪು ಮಾತ್ರ ಉಳಿದಿರುತ್ತದೆ.

ಎ4 ಹಾಳೆಯನ್ನು ಅರ್ಧ ಮಾಡಿ ಚೀಟಿ ಮಾಡಿಕೊಳ್ಳಿ. ಬಂದವರು ಮೇಲಿನ ಮೂಲೆಯಲ್ಲಿ ಒಂದು ಅಕ್ಷರ ಬರೆಯಲಿ: ಈ ಕಾದಂಬರಿ ಓದಿದವರು 'ಅ', ಇದನ್ನು ಓದದೆ ಹಳೆಯ ಸಿನಿಮಾಗಳನ್ನೋ ಪುಸ್ತಕಗಳನ್ನೋ ಬಲ್ಲವರು 'ಆ', ಏನೂ ಗೊತ್ತಿಲ್ಲದೆ ಬಂದವರು 'ಇ'. ಇಡೀ ಕೆಲಸ ನಿಂತಿರುವುದು ಈ ಅಕ್ಷರದ ಮೇಲೆ. ಕಾದಂಬರಿ ಸ್ನೋನ ತಲೆಯೊಳಗೇ ಓಡುತ್ತದೆ. ಆಟದಲ್ಲಿ ತನ್ನ ಪಾಲಿಗೆ ಬಂದ ಹಾಡುಗಾರ್ತಿ ಲೂಸಿ ಗ್ರೇಯನ್ನು ಪ್ರೀತಿಸುವಾಗಲೂ ಅವಳು ತನ್ನ ಸ್ವತ್ತು ಎಂಬ ಲೆಕ್ಕ ಹಾಕುತ್ತಿರುವುದು ಓದುಗರಿಗೆ ಕೇಳುತ್ತಿರುತ್ತದೆ. ತೆರೆಯ ಮೇಲೆ ಆ ಒಳದನಿ ಇಲ್ಲ, ಸ್ನೋ ಪಾತ್ರ ಮಾಡಿದ ಟಾಮ್ ಬ್ಲೈತ್‌ನ ಮುಖ ಇದೆ. ಹಾಗಾಗಿ 'ಅ'ದವರು ಬೇಗನೆ ಅನುಮಾನಪಡುತ್ತಾರೆ, 'ಇ'ದವರು ಬಹಳ ದೂರ ಅವನನ್ನು ನಂಬಿಕೊಂಡು ಹೋಗುತ್ತಾರೆ. 'ಆ'ದವರಿಗೆ ಅವನು ಮೊದಲಿಂದಲೇ ಖಳ. ಮೂರನ್ನೂ ಕಲಸಿ "ಪಾತ್ರ ಚೆನ್ನಾಗಿದೆಯೇ" ಅಂತ ಕೇಳಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಅಕ್ಷರದ ಪಕ್ಕದಲ್ಲಿ ಹೇಗೆ ನೋಡಿದರು ಅಂತಲೂ ಬರೆಯಲಿ: ಇಂಗ್ಲಿಷ್ ಕೇಳಿಯೋ, ಸಬ್‌ಟೈಟಲ್ ಓದಿಯೋ, ಡಬ್ ಆದದ್ದೋ. ಈ ಸಿನಿಮಾದಲ್ಲಿ ಹಾಡಿನ ಸಾಲುಗಳೂ ಕಥೆ ಹೇಳುತ್ತವೆ. ಸಾಲು ತಪ್ಪಿದವರಿಗೆ ಹಾಡು ಸುಮ್ಮನೆ ತುರುಕಿದಂತೆ ಕಾಣುವುದು ಸಹಜ.

ಪ್ರಶ್ನೆ ನಾಲ್ಕು ಸಾಕು, ಎಂಟು ನಿಮಿಷ ಕೊಡಿ.

1. ಸ್ನೋ ಬಗ್ಗೆ ನಿಮ್ಮ ಮನಸ್ಸು ಬದಲಾಯಿತೇ? ಬದಲಾಗಿದ್ದರೆ ಯಾವ ದೃಶ್ಯದಲ್ಲಿ?
2. ಮೂರು ಭಾಗಗಳಲ್ಲಿ ಎಲ್ಲಿ ಮೊಬೈಲ್ ನೋಡಿದಿರಿ?
3. ಯಾರು ಯಾರೆಂದು ತಿಳಿಯದೆ ಹೋದದ್ದು ಎಲ್ಲಿ?
4. 'ಅ'ದವರಿಗೆ ಮಾತ್ರ: ಸಿನಿಮಾ ಬಿಟ್ಟದ್ದರಲ್ಲಿ ಬಿಟ್ಟದ್ದೇ ಒಳ್ಳೆಯದಾಯಿತು ಅನ್ನಿಸಿದ್ದು ಯಾವುದು?

"ಅವನು ಯಾವಾಗ ಕೆಟ್ಟವನಾದ?" ಎಂದು ಕೇಳಬೇಡಿ, ಉತ್ತರ ಪ್ರಶ್ನೆಯಲ್ಲೇ ಕೂತಿದೆ. ಐದಕ್ಕೆ ಎಷ್ಟು ಅಂಕ ಅಂತಲೂ ಬೇಡ, ಸಂಕೋಚದ ಜನ ಮೂರೂವರೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಎರಡನೆಯ ಪ್ರಶ್ನೆ ನಗೆ ತರಿಸಿದರೂ ಬೇಸರದ ಜಾಗವನ್ನು ಅದರಷ್ಟು ನಿಖರವಾಗಿ ಬೇರೆ ಯಾವುದೂ ತೋರಿಸದು. ಕಾದಂಬರಿಯ ಮೂರು ಭಾಗಗಳ ಹೆಸರನ್ನು ಸಿನಿಮಾವೂ ತೆರೆಯ ಮೇಲೆ ಹಾಕುವುದರಿಂದ ಗುರುತಿಸುವುದು ಸುಲಭ.

ಭಾಷೆಯ ಕಟ್ಟು ಹಾಕಬೇಡಿ. ಶಿರಸಿಯಲ್ಲಿ "ಚೊಲೊ ಇದ್ದು" ಅಂತ ಬರೆಯುವವರು ಹಾಗೇ ಬರೆಯಲಿ, ಕಾರವಾರದವರು ಕೊಂಕಣಿಯಲ್ಲಿ ಬರೆಯಲಿ. ಪುಸ್ತಕದ ಕನ್ನಡವೇ ಬೇಕೆಂದರೆ "ಚಿತ್ರ ಉತ್ತಮವಾಗಿದೆ" ಅನ್ನುವ ಎರಡು ಪದದ ಸರ್ಟಿಫಿಕೇಟು ಬರುತ್ತದೆ, ಅಷ್ಟೇ.

ಚೀಟಿ ಪೂರಾ ಕೈಗೆ ಬಂದ ಮೇಲೆ ಚಹಾ, ಅವಲಕ್ಕಿ.

ಮಾತಿಗೆ 'ಇ'ದವರನ್ನು ಮೊದಲು ಬಿಡಿ, ಆಮೇಲೆ 'ಆ', ಕೊನೆಗೆ 'ಅ'. ಒಂದೊಂದು ಗುಂಪಿಗೆ 20 ನಿಮಿಷ. ಮೂರನೇ ಸುತ್ತಿನವರೆಗೆ "ಪುಸ್ತಕದಲ್ಲಿ ಹೇಗಿದೆ ಅಂದರೆ" ಎಂಬ ಮಾತಿಗೆ ಪ್ರವೇಶವಿಲ್ಲ. ತಾಳಮದ್ದಲೆಯಲ್ಲಿ ಅರ್ಥಗಾರಿಕೆ ಉದ್ದವಾದರೆ ಮುಂದಿನ ಪದ ಎತ್ತುವ ಭಾಗವತರ ಕೆಲಸವನ್ನು ಇಲ್ಲಿ ನಡೆಸಿಕೊಡುವವರು ಮಾಡಬೇಕು. ನಿವೃತ್ತ ಮೇಷ್ಟ್ರಿದ್ದರೆ ಎರಡು ಸಲ.

ಎರಡು ದೂರು ಖಂಡಿತ ಬರುತ್ತವೆ. ಒಂದು, ಮೂರನೇ ಭಾಗ ಬೇರೆಯದೇ ಸಿನಿಮಾದಂತಿದೆ ಎಂಬುದು. ಎರಡನೆಯದು, ಕಾಡಿನಲ್ಲಿ ಲೂಸಿ ಗ್ರೇ ಏನಾದಳು ಅಂತ ಹೇಳಲೇ ಇಲ್ಲ ಎಂಬುದು. ಇವೆರಡರ ಬೇರೂ ಕಾದಂಬರಿಯಲ್ಲೇ ಇದೆ: ಅಲ್ಲಿಯೂ ಆಟ ಎರಡನೇ ಭಾಗಕ್ಕೇ ಮುಗಿಯುತ್ತದೆ, ಅಲ್ಲಿಯೂ ಅವಳ ಗತಿ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ದೂರಿನ ಎದುರು 'ಮೂಲದ್ದು' ಅಥವಾ 'ಸಿನಿಮಾದ್ದು' ಅಂತ ಗುರುತು ಹಾಕಿಕೊಳ್ಳಿ. ಸಿನಿಮಾದ್ದೇ ಬದಲಾವಣೆ ಬೇಕಿದ್ದರೆ ಆರಂಭ ನೋಡಿ. ಪುಸ್ತಕ ತೆರೆಯುವುದು ಹಸಿವನ್ನು ಮುಚ್ಚಿಟ್ಟುಕೊಂಡು ಎಲೆಕೋಸು ಬೇಯಿಸುತ್ತಿರುವ ಹುಡುಗನಿಂದ; ಸಿನಿಮಾ ಯುದ್ಧಕಾಲದ ಬಾಲ್ಯದ ಭೀಕರ ದೃಶ್ಯದಿಂದ. ಒಂದು ಬಡತನ ಮುಚ್ಚುವ ಸೋಗನ್ನು ಮುಂದಿಡುತ್ತದೆ, ಇನ್ನೊಂದು ಭಯವನ್ನು. ಕರುಣೆ ಎಷ್ಟು ಹುಟ್ಟಿತು ಎಂಬುದಕ್ಕೂ ಇದಕ್ಕೂ ನಂಟಿದೆ.

"ಕೊನೆ ಗೊತ್ತಿತ್ತು, ಹಾಗಾಗಿ ಸಪ್ಪೆ" ಅನ್ನುವವರನ್ನು ಅಲ್ಲಿಗೇ ಬಿಡಬೇಡಿ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ತಾಳಮದ್ದಲೆ ಕೇಳುವ ಜನ ನಾವು. ಸಪ್ಪೆಯಾದದ್ದು ಯಾವ ತಿರುವು ಎಂದು ಕೇಳಿ, ಸರಿಯಾದ ಉತ್ತರ ಬಂದೇ ಬರುತ್ತದೆ.

ವರದಿ ಬರೆಯುವಾಗ ಶೇಕಡಾ ಬೇಡ. '11ರಲ್ಲಿ 7 ಮಂದಿ' ಅನ್ನಿ; 11 ಜನರ 64 ಪ್ರತಿಶತ ಅಂದರೆ ಊರೆಲ್ಲ ಹೇಳಿದ ಹಾಗೆ ಕೇಳುತ್ತದೆ. ಐವರಿಗಿಂತ ಕಡಿಮೆ ಇರುವ ಗುಂಪಿನ ಎಣಿಕೆ ಬಿಟ್ಟು ಮಾತುಗಳನ್ನಷ್ಟೇ ಕೊಡಿ. ಹೆಸರು ಹಾಕುವ ಮೊದಲು ಒಪ್ಪಿಗೆ ಕೇಳಿ.

ಚೀಟಿಗಳನ್ನು ಎಸೆಯಬೇಡಿ. ಇದೇ ಲೋಕದ ಇನ್ನೊಂದು ಪೂರ್ವಕಥೆ, 50ನೇ ಆಟದ್ದು, 2025ರಲ್ಲಿ ಪುಸ್ತಕವಾಗಿ ಬಂದಿದೆ. ಅದರ ಚರ್ಚೆಗೆ ಇದೇ ಜನ ಬಂದಾಗ 'ಇ' ಇದ್ದವರು 'ಆ' ಆಗಿರುತ್ತಾರೆ, ಹೋಲಿಸಲು ಹಳೆಯ ಚೀಟಿ ಬೇಕು. ಲಕೋಟೆಯ ಮೇಲೆ ದಿನಾಂಕ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಡುಗೆಮನೆ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿಡಿ. ಕಬ್ಬಿಣದ ಕಪಾಟಿನಲ್ಲಿಟ್ಟರೆ ಆಷಾಢದ ಮಳೆಗೆ ಬೂಸು ಹಿಡಿದು ಶಾಯಿ ಹರಡುತ್ತದೆ. ಬಾಲ್‌ಪೆನ್ನಿನಲ್ಲಿ ಬರೆಸಿದ್ದರೆ ಅಷ್ಟು ಭಯವಿಲ್ಲ.