ಪಚ್ಚಿಲೆ ಕೃಷಿ: ಮರಿ ತರುವ ಮೊದಲು ಬಂಡೆ ನೋಡಿ

ಪಚ್ಚಿಲೆ ಎಂದರೆ ಸಮುದ್ರದ ಬಂಡೆಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪುಜೀವಿ. ಅದಕ್ಕೆ ಮೇವು ಹಾಕಬೇಕಿಲ್ಲ, ಔಷಧಿ ಬೇಕಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು ತಾನೇ ಬೆಳೆಯುತ್ತದೆ. ಸಮುದ್ರಕ್ಕೆ ಹೊರೆಯಾಗದ ಕಸುಬು ಎಂದು ಹೇಳುವುದು ಇದಕ್ಕೇ. ಆದರೆ ಮರಿ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ನಮ್ಮ ಗುಂಪು ತಲೆ ಕೆಡಿಸಿಕೊಂಡದ್ದು ಹೆಚ್ಚಾಗಿ ಅದರ ಬಗ್ಗೆಯೇ.

ಮರಿ ಸಿಗುವುದು ಅಲೆ ಬಡಿಯುವ ಬಂಡೆಗಳ ಮೇಲೆ. ಅದನ್ನೆಲ್ಲ ಕೆರೆದು ತಂದರೆ, ಮರಿ ಕಟ್ಟಿ ನೀರಿಗೆ ಇಳಿಬಿಡುವ ನಮ್ಮ ಹಗ್ಗ ತುಂಬೀತು, ಬಂಡೆ ಬೋಳಾದೀತು. ಅಲ್ಲಿ ಪಚ್ಚಿಲೆ ಕಿತ್ತು ಸಂಸಾರ ನಡೆಸುವ ಹೆಂಗಸರ ಗತಿ? ಹಾಗಾಗಿ ಮೊದಲು ಅವರ ಜೊತೆಗೇ ಕೂತು ಮಾತಾಡಿದೆವು. ಎಲ್ಲಿ ಮರಿ ಒತ್ತೊತ್ತಾಗಿ ಕೂರುತ್ತದೆ, ಯಾವ ಬಂಡೆಗೆ ಕೈ ಹಾಕಬಾರದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಒಂದರ ಮೇಲೊಂದು ಹತ್ತಿ, ಜೋರು ಅಲೆಗೆ ಹೇಗೂ ಕಿತ್ತುಹೋಗುವಂಥ ಮರಿಯನ್ನಷ್ಟೇ ಅಲ್ಲಲ್ಲಿ ತೆಗೆದೆವು. ಬಲಿತವನ್ನು ಮುಟ್ಟಲಿಲ್ಲ, ಮೊಟ್ಟೆ ಬಿಡಬೇಕಾದವು ಅವೇ. ಜೊತೆಗೆ ಬಂಡೆಯ ಬಳಿ ತೆಂಗಿನ ನಾರಿನ ಹಗ್ಗ ಇಳಿಬಿಟ್ಟೆವು. ನಾರಿನ ಎಳೆಗಳಿಗೆ ಪಚ್ಚಿಲೆಯ ಲಾರ್ವಾಗಳು (ನೀರಿನಲ್ಲಿ ತೇಲುವ ಎಳೆಯ ಸೂಕ್ಷ್ಮ ಮರಿಗಳು) ತಾವಾಗಿಯೇ ಬಂದು ಅಂಟುತ್ತವೆ. ನಿಧಾನದ ದಾರಿ, ಆದರೂ ನನಗೆ ಹೆಚ್ಚು ನಂಬಿಕೆ ಇದರ ಮೇಲೆಯೇ.

ಮರಿ ಸುಮಾರು 2 ಸೆಂ.ಮೀ. ಇದ್ದರೆ ಚೆನ್ನ. ತೆಳು ಹತ್ತಿ ಬಟ್ಟೆಯನ್ನು ನೆನೆಸಿ ಹಾಸಿ, ಮರಿ ಹರಡಿ, ನಡುವೆ ಹಗ್ಗ ಇಟ್ಟು ಸುತ್ತಿ ಹೊಲಿಯಬೇಕು. ಎರಡು ಮೂರು ದಿನದಲ್ಲಿ ಅವು ಎಳೆ ಚಾಚಿ ಹಗ್ಗವನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಬಟ್ಟೆ ಕೊಳೆತು ಹೋಗುತ್ತದೆ. ನೈಲಾನ್ ಬಲೆ ಅಗ್ಗವೆಂದು ಸುತ್ತಬೇಡಿ, ಅದು ಕೊಳೆಯುವುದಿಲ್ಲ. ಪೂರ್ತಿ ಇಳಿತದ ಹೊತ್ತಿನಲ್ಲೂ ಹಗ್ಗದ ತುದಿ ಕೆಸರಿಗೆ ತಾಗಬಾರದು. ತಾಗಿದರೆ ಏಡಿಗಳು ಹತ್ತಿ ಬರುತ್ತವೆ.

ಐದಾರು ತಿಂಗಳಿಗೆ ಕೊಯ್ಲು. ನದಿ ಸಮುದ್ರ ಸೇರುವ ಅಳಿವೆಯಲ್ಲಾದರೆ ನೆರೆನೀರು ಬರುವ ಮೊದಲೇ ಮುಗಿಸಿ; ಉಪ್ಪಿನಂಶ ತೀರಾ ಇಳಿದರೆ ಪಚ್ಚಿಲೆ ಸಾಯುತ್ತದೆ. ಮಾರುವ ಮೊದಲು ಒಂದು ದಿನ ಶುದ್ಧ ಸಮುದ್ರದ ನೀರಿನಲ್ಲಿಟ್ಟರೆ ಒಳಗಿನ ಮರಳು, ಕೊಳೆ ಹೊರಬೀಳುತ್ತದೆ.

ವಿಷಪಾಚಿ ಹೆಚ್ಚಿದಾಗ ಮಾತ್ರ ಈ ತೊಳೆತ ಸಾಲದು. ಆ ಪಾಚಿಯನ್ನು ತಿಂದ ಪಚ್ಚಿಲೆಯ ಮಾಂಸದಲ್ಲಿ ಸೇರಿದ ವಿಷ ಬೇಯಿಸಿದರೂ ಹೋಗುವುದಿಲ್ಲ. ನೀರಿನ ಬಣ್ಣ ತಿರುಗಿದ ಒಂದು ಹಂಗಾಮಿನಲ್ಲಿ ವ್ಯಾಪಾರಿಗಳು ಎಷ್ಟೇ ಅವಸರ ಮಾಡಿದರೂ ನಾವು ಹಗ್ಗ ಎತ್ತಲಿಲ್ಲ. ಪ್ರಯೋಗಾಲಯದ ವರದಿ ಕೈಗೆ ಬಂದ ಮೇಲೆಯೇ ದೋಣಿ ಇಳಿಸಿದೆವು.