ಆಕ್ಸಾಲಿಪ್ಲಾಟಿನ್ ಕೀಮೋ: ಥಂಡಿ, ಜೋಮು ಮತ್ತು ಡಾಕ್ಟರಿಗೆ ಹೇಳಲೇಬೇಕಾದ ಮಾತು

ದೊಡ್ಡ ಕರುಳಿನ ಕ್ಯಾನ್ಸರ್ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ, ಆಪರೇಷನ್ ಆದಮೇಲೆ ಕೊಡುವ ಕೀಮೋದಲ್ಲಿ ಸಾಮಾನ್ಯವಾಗಿ ಆಕ್ಸಾಲಿಪ್ಲಾಟಿನ್ ಇರುತ್ತದೆ. ಜಠರ, ಮೇದೋಜೀರಕ ಗ್ರಂಥಿ, ಪಿತ್ತಕೋಶದ ಕ್ಯಾನ್ಸರಿಗೂ ಇದನ್ನು ಕೊಡುವುದುಂಟು. ಪ್ಲಾಟಿನಂ ಇರುವ ಔಷಧಿ ಇದು. ಕ್ಯಾನ್ಸರ್ ಕೋಶದ ಡಿಎನ್‌ಎಗೆ ಅಂಟಿಕೊಂಡು ಕೋಶ ಒಡೆದು ಎರಡಾಗದಂತೆ ತಡೆಯುತ್ತದೆ. ಇದೇ ಗುಂಪಿನ ಸಿಸ್‌ಪ್ಲಾಟಿನ್ ಕಿಡ್ನಿಗೂ ಕಿವಿಗೂ ಕೊಡುವಷ್ಟು ಪೆಟ್ಟನ್ನು ಇದು ಕೊಡುವುದಿಲ್ಲ. ಕೂದಲೂ ಪೂರ್ತಿ ಉದುರುವುದು ಅಪರೂಪ, ತೆಳುವಾಗುತ್ತದೆ ಅಷ್ಟೆ. ಇದರ ಪೆಟ್ಟು ಬೀಳುವುದು ನರಗಳ ಮೇಲೆ. ಆ ಪೆಟ್ಟಿನಲ್ಲಿ ಎರಡು ಬಗೆ: ಥಂಡಿ ತಾಕಿದಾಗ ಬಂದು ಕೆಲವು ದಿನಗಳಲ್ಲಿ ಹೋಗುವುದು ಒಂದು, ನಿಧಾನವಾಗಿ ಬಂದು ಉಳಿದುಬಿಡುವುದು ಇನ್ನೊಂದು. ಈ ಎರಡನ್ನೂ ಬೇರೆ ಮಾಡಿ ಗುರುತಿಸಿ, ಡಾಕ್ಟರಿಗೆ ಇದ್ದದ್ದು ಇದ್ದಹಾಗೆ ಹೇಳುವುದು ರೋಗಿಯೇ ಮಾಡಬೇಕಾದ ಕೆಲಸ. ಯಾವ ರಕ್ತಪರೀಕ್ಷೆಯೂ ಅದನ್ನು ತೋರಿಸಿಕೊಡುವುದಿಲ್ಲ.

ಯಾವ ಕ್ರಮ, ಎಷ್ಟು ಡೋಸ್

ಎರಡು ಕ್ರಮಗಳು ಹೆಚ್ಚು ಬಳಕೆಯಲ್ಲಿವೆ. ಫೋಲ್‌ಫಾಕ್ಸ್ ಎಂದರೆ ಎರಡು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್, ಲ್ಯೂಕೋವೋರಿನ್, ಜೊತೆಗೆ 46 ಗಂಟೆ ಹರಿಯುವ 5-ಎಫ್‌ಯು (ಫ್ಲೂರೋಯುರಾಸಿಲ್) ಎಂಬ ಇನ್ನೊಂದು ಕೀಮೋ ಔಷಧಿ. ಕೇಪಾಕ್ಸ್ ಎಂದರೆ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ 14 ದಿನ ಬೆಳಿಗ್ಗೆ-ರಾತ್ರಿ ಕ್ಯಾಪೆಸಿಟಬಿನ್ ಮಾತ್ರೆ (ಮೈಯಲ್ಲಿ 5-ಎಫ್‌ಯು ಆಗಿ ಬದಲಾಗುವಂಥದ್ದು), ನಂತರ 7 ದಿನ ಬಿಡುವು. ಈ ಮಾತ್ರೆಯನ್ನು ಊಟವಾಗಿ ಅರ್ಧ ಗಂಟೆಯೊಳಗೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ.

ಡೋಸ್ ಲೆಕ್ಕ ಹಾಕುವುದು ಮೈಯ ಹೊರಮೈ ವಿಸ್ತೀರ್ಣದ ಮೇಲೆ. ಎತ್ತರ 160 ಸೆಂ.ಮೀ., ತೂಕ 58 ಕೆ.ಜಿ. ಇರುವವರಿಗೆ ಅದು ಸುಮಾರು 1.6 ಚದರ ಮೀಟರ್. ಫೋಲ್‌ಫಾಕ್ಸ್‌ನಲ್ಲಿ ಚದರ ಮೀಟರಿಗೆ 85 ಮಿ.ಗ್ರಾಂ, ಅಂದರೆ ಇವರಿಗೆ 136 ಮಿ.ಗ್ರಾಂ. ಕೇಪಾಕ್ಸ್‌ನಲ್ಲಿ 130 ಮಿ.ಗ್ರಾಂ, ಅಂದರೆ 208. ಔಷಧಿ ಬರುವುದು 50 ಮತ್ತು 100 ಮಿ.ಗ್ರಾಂ ಬಾಟಲಿಗಳಲ್ಲಿ, ಹಾಗಾಗಿ 208 ಅನ್ನು 200ಕ್ಕೆ ಇಳಿಸಿ ಕೊಟ್ಟರೆ ಗಾಬರಿ ಬೇಡ. ಪ್ರತಿ ಸಲವೂ ತೂಕ ನೋಡಿಸಿಕೊಳ್ಳಿ. ಐದಾರು ಕೆ.ಜಿ. ಇಳಿದಿದ್ದರೆ ಲೆಕ್ಕವನ್ನೇ ಹೊಸದಾಗಿ ಹಾಕಬೇಕಾಗುತ್ತದೆ.

ಖರ್ಚಿನ ಮಾತನ್ನೂ ಇಲ್ಲೇ ಹೇಳಿಬಿಡೋಣ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಬೆಂಗಳೂರಿನ ಕಿದ್ವಾಯಿಗೆ ಹೋದರೂ ನಿಮ್ಮೂರ ಹತ್ತಿರದ ನೋಂದಾಯಿತ ಆಸ್ಪತ್ರೆಗೆ ಹೋದರೂ ಬಯಾಪ್ಸಿ ರಿಪೋರ್ಟ್, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಕೈಯಿಂದ ಕೊಳ್ಳುವವರು ಎಂಆರ್‌ಪಿ ನೋಡಿ ಸುಮ್ಮನಾಗಬೇಡಿ. ಬೇರೆ ಬೇರೆ ಕಂಪನಿಗಳ ಬೆಲೆಯಲ್ಲಿ ವ್ಯತ್ಯಾಸ ಇರುತ್ತದೆ, ಕೇಳಿ.

ಮೊದಲ ಡ್ರಿಪ್‌ಗೆ ಮುಂಚೆ

ಈ ಮೂರು ವಿಷಯ ಕೇಳದಿದ್ದರೂ ಹೇಳಿ. ಈಗಾಗಲೇ ಕೈಕಾಲು ಜೋಮು ಇದೆಯೇ: ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಪಾದದಲ್ಲಿ ಜೋಮು ಇರುವುದು ಸಾಮಾನ್ಯ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಶುದ್ಧ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳಬಹುದೇ ಎಂದು ಕೇಳುವುದು ಒಳ್ಳೆಯದು, ಅದರ ಕೊರತೆಯೂ ನರಕ್ಕೆ ಪೆಟ್ಟು ಕೊಡುತ್ತದೆ. ಎರಡನೆಯದು, ವಾರ್ಫರಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್ ನುಂಗುತ್ತಿದ್ದೀರಾ. ಕ್ಯಾಪೆಸಿಟಬಿನ್, 5-ಎಫ್‌ಯು ಆ ಮಾತ್ರೆಗಳ ಪರಿಣಾಮವನ್ನು ಏರಿಸುತ್ತವೆ. ಮೂರನೆಯದು ಗರ್ಭದ ವಿಷಯ. ಔಷಧಿ ನಿಂತ ಮೇಲೂ ಹೆಂಗಸರು 9 ತಿಂಗಳು, ಗಂಡಸರು 6 ತಿಂಗಳು ಮಕ್ಕಳಾಗದಂತೆ ನೋಡಿಕೊಳ್ಳಬೇಕು. ಮುಂದೆ ಮಕ್ಕಳು ಬೇಕೆನ್ನುವವರು ಅಂಡ, ವೀರ್ಯ ಕಾಪಿಡುವ ಮಾತನ್ನು ಮೊದಲ ಡೋಸ್‌ಗೆ ಮುಂಚೆಯೇ ಎತ್ತಬೇಕು.

5-ಎಫ್‌ಯುವನ್ನು ಮೈಯಿಂದ ಹೊರಹಾಕುವ ಡಿಪಿಡಿ ಎಂಬ ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮೊದಲ ಸೈಕಲ್‌ನಲ್ಲೇ, ಅಂದರೆ ಕೀಮೋದ ಮೊದಲ ಸುತ್ತಿನಲ್ಲೇ, ಜೀವಕ್ಕೆ ಅಪಾಯವಾಗುವಂಥ ಬಾಯಿಹುಣ್ಣು, ಭೇದಿ ಬರಬಹುದು. ಈ ಕೊರತೆ ತೋರಿಸುವ ಡಿಪಿವೈಡಿ ಎಂಬ ಜೀನ್ ಪರೀಕ್ಷೆ ಮಾಡಿಸಬಹುದೇ ಎಂದು ಒಂದು ಮಾತು ಕೇಳಿ.

ಡ್ರಿಪ್ ಹಾಕುವ ದಿನ

ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ರಕ್ತ ತೆಗೆಯುತ್ತಾರೆ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1500ಕ್ಕಿಂತ, ಪ್ಲೇಟ್‌ಲೆಟ್ 75,000ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಡೋಸ್ ಮುಂದಕ್ಕೆ ಹೋಗುತ್ತದೆ. ಒಂದು ವಾರ ತಡವಾದರೆ ಚಿಕಿತ್ಸೆಯೇ ಹಾಳಾಯಿತು ಎಂದುಕೊಳ್ಳಬೇಡಿ. ಈ ಔಷಧಿಯಲ್ಲಿ ಪ್ಲೇಟ್‌ಲೆಟ್ ಇಳಿಯಲು ಒಂದು ಕಾರಣ, ಲಿವರ್‌ನ ಸಣ್ಣ ರಕ್ತನಾಳಗಳಿಗೆ ಪೆಟ್ಟಾಗಿ ಗುಲ್ಮ ದೊಡ್ಡದಾಗುವುದು. ಪಪ್ಪಾಯಿ ಎಲೆ ರಸ ಕುಡಿದರೆ ಗುಲ್ಮ ಕುಗ್ಗುವುದಿಲ್ಲ. ಕೀಮೋ ನಡೆಯುವಾಗ ಕಷಾಯ, ಎಲೆ ರಸಗಳನ್ನು ಕೇಳದೆ ಕುಡಿಯಬೇಡಿ.

ಡ್ರಿಪ್‌ಗೆ ಮುಂಚೆ ವಾಂತಿ ತಡೆಯುವ ಇಂಜೆಕ್ಷನ್ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಒಂದೆರಡು ದಿನ ಶುಗರ್ ಏರುತ್ತದೆ. ಆಮೇಲೆ ಬರುವುದು ಗ್ಲೂಕೋಸ್ ಬಾಟಲಿ. ಅದನ್ನು ನೋಡಿ ‘ನನಗೆ ಶುಗರ್ ಇದೆ, ಸಲೈನ್‌ನಲ್ಲೇ ಹಾಕಿ’ ಎಂದು ಗಲಾಟೆ ಮಾಡುವವರಿದ್ದಾರೆ. ಅದು ಆಗದ ಮಾತು. ಸಲೈನ್‌ನಲ್ಲಿರುವ ಕ್ಲೋರೈಡ್ ಆಕ್ಸಾಲಿಪ್ಲಾಟಿನ್ ಅನ್ನು ಕೆಡಿಸುತ್ತದೆ. ಅದಕ್ಕೇ ಶೇ. 5ರ ಗ್ಲೂಕೋಸ್ ದ್ರಾವಣ, 250ರಿಂದ 500 ಮಿ.ಲೀ.; ಅದರಲ್ಲಿರುವ ಸಕ್ಕರೆ 12.5ರಿಂದ 25 ಗ್ರಾಂ. ಎರಡು ಗಂಟೆಯಲ್ಲಿ ಹರಿಯುತ್ತದೆ. ಬೇಗ ಮನೆಗೆ ಹೋಗಬೇಕೆಂದು ವೇಗ ಹೆಚ್ಚಿಸಲು ಹೇಳಬೇಡಿ. ಬೇಗ ಹರಿದರೆ ಗಂಟಲು ಕಟ್ಟಿದಂತಾಗುವ ತೊಂದರೆ ಹೆಚ್ಚು.

ಕೈಯ ರಕ್ತನಾಳದಲ್ಲೇ ಹಾಕಿದರೆ, ಅದರಲ್ಲೂ ಕೇಪಾಕ್ಸ್‌ನ ದೊಡ್ಡ ಡೋಸ್‌ನಲ್ಲಿ, ತೋಳಿನುದ್ದಕ್ಕೂ ನೋವು ಬರುವುದುಂಟು. ಡ್ರಿಪ್ ನಡೆಯುವಾಗ ತೋಳನ್ನು ಬೆಚ್ಚಗೆ ಹೊದ್ದಿಸಿಕೊಂಡರೆ ಹಿತ. ಆದರೆ ಸೂಜಿ ಚುಚ್ಚಿದ ಜಾಗದಲ್ಲೇ ಉರಿ, ಊತ, ಕೆಂಪು ಕಂಡರೆ ಔಷಧಿ ರಕ್ತನಾಳದಿಂದ ಹೊರಗೆ ಸೋರುತ್ತಿರಬಹುದು. ಆ ಕ್ಷಣವೇ ಸಿಸ್ಟರನ್ನು ಕರೆಯಿರಿ. ನೀವಾಗಿ ಐಸ್ ಇಡಬೇಡಿ. ತೋಳಿನ ನೋವು ಪ್ರತಿ ಸಲ ಬರುತ್ತಿದ್ದರೆ ಕೀಮೋಪೋರ್ಟ್ (ಎದೆಯ ಚರ್ಮದಡಿ ಕೂರಿಸುವ ಪುಟ್ಟ ಸಾಧನ) ಅಥವಾ ಪಿಕ್ ಲೈನ್ (ತೋಳಿನಿಂದ ದೊಡ್ಡ ರಕ್ತನಾಳದವರೆಗೆ ಹೋಗುವ ತೆಳು ನಳಿಕೆ) ಬಗ್ಗೆ ಕೇಳಿ. ಫೋಲ್‌ಫಾಕ್ಸ್‌ಗೆ ಹೇಗೂ ಇವೆರಡರಲ್ಲಿ ಒಂದು ಬೇಕೇಬೇಕು.

ಅಲರ್ಜಿ ಮೊದಲ ಡೋಸ್‌ನಲ್ಲಿ ಬರದಿದ್ದರೆ ಇನ್ನು ಬರುವುದಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಕ್ಸಾಲಿಪ್ಲಾಟಿನ್ ಅಲರ್ಜಿ ಐದು, ಆರು, ಎಂಟನೆಯ ಸಲದಲ್ಲೂ ಬರುತ್ತದೆ, ಹಾಗೆ ಬರುವುದೇ ಹೆಚ್ಚು. ಅಂಗೈ ತುರಿಕೆ, ಮುಖ ಕೆಂಪಾಗುವುದು, ಎದೆ ಬಿಗಿತ, ಇದ್ದಕ್ಕಿದ್ದಂತೆ ಬೆನ್ನುನೋವು ಅಥವಾ ಹೊಟ್ಟೆನೋವು, ಬೆವರು: ಇವುಗಳಲ್ಲಿ ಯಾವುದು ಶುರುವಾದರೂ ‘ನೋಡೋಣ’ ಎನ್ನದೆ ಕೈ ಎತ್ತಿ.

46 ಗಂಟೆಯ ಪಂಪ್ ಬಾಟಲಿ ಮನೆಗೆ ಬಂದರೆ ಅದನ್ನು ಬಿಸಿಲಿಗೆ, ಒಲೆಯ ಹತ್ತಿರಕ್ಕೆ ಒಯ್ಯಬೇಡಿ. ಬಲೂನ್ ಮಾದರಿಯ ಪಂಪ್ ಶಾಖ ತಗುಲಿದರೆ ಬೇಗ ಖಾಲಿಯಾಗುತ್ತದೆ. ಬೇಗ ಖಾಲಿಯಾದರೂ, ಒಂದು ರಾತ್ರಿ ಕಳೆದರೂ ಕುಗ್ಗದಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ.

ಥಂಡಿ

ಡ್ರಿಪ್ ಮುಗಿದ ಗಂಟೆಗಳಲ್ಲೇ ಇದು ಶುರು. ತಣ್ಣಗಿನ ಲೋಟ ಹಿಡಿದರೆ ಬೆರಳಿಗೆ ಶಾಕ್ ಹೊಡೆದಂತೆ, ಫ್ರಿಜ್ ನೀರು ಕುಡಿದರೆ ಗಂಟಲಲ್ಲಿ ಗಾಜಿನ ಚೂರು ಇಳಿದಂತೆ ಆಗುತ್ತದೆ. ಊಟದ ಮೊದಲ ತುತ್ತಿಗೆ ದವಡೆ ಸೆಳೆಯುವುದೂ ಉಂಟು. ಔಷಧಿ ಮೈಯಲ್ಲಿ ಒಡೆದಾಗ ಹೊರಬರುವ ಆಕ್ಸಲೇಟ್ ನರದ ಸೋಡಿಯಂ ದ್ವಾರಗಳ ಕೆಲಸ ಕೆಡಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಮೊದಲ ಸೈಕಲ್‌ಗಳಲ್ಲಿ ನಾಲ್ಕೈದು ದಿನ ಇದ್ದು ಹೋಗುತ್ತದೆ, ಮುಂದೆ ಮುಂದೆ ದಿನ ಹೆಚ್ಚಾಗುತ್ತದೆ. ಕನಿಷ್ಠ ಐದು ದಿನ ಕಟ್ಟುನಿಟ್ಟಾಗಿರಿ, ಆಮೇಲೆ ನಲ್ಲಿ ನೀರಿಗೆ ಒಂದು ಬೆರಳು ಒಡ್ಡಿ ನೋಡಿ ನಿರ್ಧರಿಸಿ.

ನಮ್ಮ ಮನೆಗಳಲ್ಲಿ ಥಂಡಿ ಎಲ್ಲೆಲ್ಲಿಂದ ಬರುತ್ತದೆ ನೋಡಿ: ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದು, ಪಾತ್ರೆ ತೊಳೆಯುವುದು, ಫ್ರಿಜ್‌ನಿಂದ ದೋಸೆ ಹಿಟ್ಟು ತೆಗೆಯುವುದು, ಮೊಸರು, ಐಸ್ ಪೆಟ್ಟಿಗೆಯಲ್ಲಿಟ್ಟ ಎಳನೀರು, ಚಳಿಗಾಲದ ಕಬ್ಬಿಣದ ಗೇಟು, ಬರಿಗಾಲಿಗೆ ಮೊಸಾಯಿಕ್ ನೆಲ, ಮುಂಜಾನೆಯ ಬೈಕ್ ಗಾಳಿ, ಎಸಿ ಬಸ್ಸು. ಫ್ರಿಜ್ ಬಾಗಿಲಿಗೆ ಒಂದು ಜೊತೆ ಕೈಗವಸು ನೇತುಹಾಕಿ. ಕಾಲಿಗೆ ಸಾಕ್ಸ್, ಕಿವಿ-ಬಾಯಿ ಮುಚ್ಚುವಂತೆ ಮಫ್ಲರ್. ಮಜ್ಜಿಗೆ, ಹಣ್ಣು ಬಿಡಬೇಕಿಲ್ಲ, ಹೊರಗಿಟ್ಟು ತಣುವು ಹೋದಮೇಲೆ ತಿನ್ನಿ. ಚಿಕಿತ್ಸೆ ಮುಗಿಸಿ ಊರಿಗೆ ಹೋಗುವ ದಿನವೇ ಕೊಡಗು, ಚಿಕ್ಕಮಗಳೂರಿನ ಚಳಿಗೆ ಸಿಕ್ಕಿಕೊಳ್ಳುವವರು ಕಾರಿನಲ್ಲೊಂದು ಫ್ಲಾಸ್ಕ್ ಬಿಸಿನೀರು ಇಟ್ಟುಕೊಳ್ಳಿ.

ಒಂದು ಎಚ್ಚರ. ಕೀಮೋ ವೇಳೆ ಬಾಯಲ್ಲಿ ಐಸ್ ಇಟ್ಟುಕೊಂಡರೆ ಹುಣ್ಣಾಗುವುದಿಲ್ಲ, ಐಸ್ ಗ್ಲೌಸ್ ಹಾಕಿದರೆ ನರ ಉಳಿಯುತ್ತದೆ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ಬೇರೆ ಔಷಧಿಗಳ ಮಾತು, ಐಸ್ ಗ್ಲೌಸ್ ಪ್ಯಾಕ್ಲಿಟ್ಯಾಕ್ಸೆಲ್‌ನಂಥವುಗಳದ್ದು. ಆಕ್ಸಾಲಿಪ್ಲಾಟಿನ್ ದಿನ ನೀವಾಗಿ ಅದನ್ನು ಮಾಡಿದರೆ ಸಂಕಟ ನಿಮ್ಮದೇ.

ನೂರರಲ್ಲಿ ಒಬ್ಬಿಬ್ಬರಿಗೆ ಗಂಟಲು ಕಟ್ಟಿ ಉಸಿರೇ ಹೋಗುತ್ತಿಲ್ಲ ಅನಿಸುತ್ತದೆ. ನಿಜದಲ್ಲಿ ಉಸಿರಾಟ ನಡೆಯುತ್ತಲೇ ಇರುತ್ತದೆ, ಗಂಟಲಿನ ನರಗಳಿಗೆ ಅದು ತಿಳಿಯುತ್ತಿರುವುದಿಲ್ಲ. ಆಸ್ಪತ್ರೆಯಲ್ಲಿದ್ದರೆ ಸಿಸ್ಟರನ್ನು ಕರೆಯಿರಿ, ಅಲರ್ಜಿ ಅಲ್ಲ ಎಂದು ಖಾತ್ರಿ ಮಾಡಬೇಕಾದವರು ಅವರು. ಮನೆಯಲ್ಲಾದರೆ ಬೆಚ್ಚನೆ ನೀರು ಗುಟುಕರಿಸಿ, ಬಾಯಿ-ಮೂಗಿಗೆ ಬಟ್ಟೆ ಸುತ್ತಿ ನಿಧಾನ ಉಸಿರಾಡಿ. ಆಕ್ಸಿಮೀಟರ್ ಇದ್ದರೆ ಬೆರಳು ಬೆಚ್ಚಗೆ ಮಾಡಿಕೊಂಡು ನೋಡಿ. ತುರಿಕೆ, ತುಟಿ ಊತ, ತಲೆಸುತ್ತು, ಅಂಕಿ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ, ಸ್ವಲ್ಪ ಹೊತ್ತಿನಲ್ಲಿ ಹಗುರಾಗದಿದ್ದರೂ ಎಮರ್ಜೆನ್ಸಿಗೆ ಹೋಗಿ. ಮುಂದಿನ ಸಲ ಎರಡು ಗಂಟೆಯ ಡ್ರಿಪ್ಪನ್ನು ಆರು ಗಂಟೆಗೆ ಎಳೆದು ಹಾಕಬಹುದು. ಹೇಳಿದರೆ ಮಾತ್ರ.

ಜ್ವರ, ಭೇದಿ, ಮನೆಯ ಶುಚಿ

ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಹಗಲಾಗಲಿ ನಡುರಾತ್ರಿಯಾಗಲಿ ಆಸ್ಪತ್ರೆಗೆ ಹೊರಡಬೇಕು. ಮೊದಲು ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು: ಬಿಳಿ ರಕ್ತಕಣ ಇಳಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ, ಮಾತ್ರೆ ಅದನ್ನು ಮರೆಮಾಚುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ.

ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಕ್ಯಾಪೆಸಿಟಬಿನ್ ನಿಲ್ಲಿಸಿ ಫೋನ್ ಮಾಡಿ. ಓಆರ್‌ಎಸ್ ಕುಡಿಯಿರಿ, ತಣ್ಣಗಿರಬಾರದು. ಬಾಯಿ ಮುಕ್ಕಳಿಸಲು ಬೆಚ್ಚನೆ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಸಾಕು.

ಡ್ರಿಪ್ ಆದ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಗಂಡಸರೂ ಕೂತೇ ಮೂತ್ರ ಮಾಡಲಿ. ಫ್ಲಶ್ ಇದ್ದರೆ ಮುಚ್ಚಳ ಹಾಕಿ ಎರಡು ಸಲ, ಇಲ್ಲದಿದ್ದರೆ ಸಿಡಿಯದಂತೆ ಬಕೆಟ್ ನೀರು ಸುರಿಯಿರಿ. ವಾಂತಿಯಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಬೇಕು, ಬಸುರಿಯರು ಮುಟ್ಟುವುದು ಬೇಡ. ರೋಗಿಯ ಪಕ್ಕ ಕೂರುವುದಕ್ಕೆ, ಮಕ್ಕಳು ತಬ್ಬಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಉಳಿಯುವ ಜೋಮು

ಇದು ಥಂಡಿಗೆ ಬರುವುದಲ್ಲ. ಎರಡು ಸೈಕಲ್‌ಗಳ ನಡುವೆಯೂ ಬೆರಳ ತುದಿ, ಪಾದ ಮರಗಟ್ಟಿದಂತೆಯೇ ಇರುತ್ತವೆ. ಕಾರಣ ಒಟ್ಟು ಡೋಸ್. ಆರು ತಿಂಗಳ ಫೋಲ್‌ಫಾಕ್ಸ್ ಎಂದರೆ 12 ಸಲ, ಒಟ್ಟು ಚದರ ಮೀಟರಿಗೆ 1020 ಮಿ.ಗ್ರಾಂ. 800ರ ಆಸುಪಾಸಿನಲ್ಲೇ ನೂರರಲ್ಲಿ ಹತ್ತು ಹದಿನೈದು ಮಂದಿಗೆ ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಜೋಮು ಕಾಣಿಸುತ್ತದೆ.

ಡೋಸ್ ಕಡಿಮೆ ಮಾಡಿಬಿಡುತ್ತಾರೆ, ಕ್ಯಾನ್ಸರ್ ಮರಳಿ ಬಂದೀತು ಎಂಬ ಹೆದರಿಕೆಯಿಂದ ಇದನ್ನು ಮುಚ್ಚಿಡುವವರೇ ಬಹಳ. ಈ ಹೆದರಿಕೆಗೆ ಈಗ ಉತ್ತರವಿದೆ. 12,000ಕ್ಕೂ ಹೆಚ್ಚು ಕರುಳಿನ ಕ್ಯಾನ್ಸರ್ ರೋಗಿಗಳ ಐಡಿಯಾ ಅಧ್ಯಯನ 2018ರಲ್ಲಿ ಹೊರಬಂತು. ಮೂರನೇ ಹಂತದಲ್ಲಿ ಅಪಾಯ ಕಡಿಮೆ ಇರುವವರಿಗೆ ಮೂರು ತಿಂಗಳ ಕೇಪಾಕ್ಸ್, ಆರು ತಿಂಗಳಿಗೆ ಸರಿಸಮವಾಗಿಯೇ ನಿಂತಿತು. ಕಾಡುವ ಮಟ್ಟದ ಜೋಮು ಆರು ತಿಂಗಳು ತೆಗೆದುಕೊಂಡವರಲ್ಲಿ ಸುಮಾರು ಶೇ. 45, ಮೂರು ತಿಂಗಳವರಲ್ಲಿ ಶೇ. 15ರ ಆಸುಪಾಸು. ಎಲ್ಲರಿಗೂ ಮೂರು ತಿಂಗಳು ಸಾಕೆಂದಲ್ಲ. ಗಡ್ಡೆ ಎಷ್ಟು ಆಳ ಹೋಗಿದೆ, ಎಷ್ಟು ಗ್ರಂಥಿಗೆ ಹಬ್ಬಿದೆ ಎಂಬುದರ ಮೇಲೆ ಅದು ನಿಂತಿದೆ. ‘ನನಗೆ ಮೂರೋ ಆರೋ, ಯಾಕೆ?’ ಎಂದು ಮೊದಲ ದಿನವೇ ಕೇಳಿ. ಆಕ್ಸಾಲಿಪ್ಲಾಟಿನ್ ಒಂದನ್ನೇ ನಿಲ್ಲಿಸಿ ಉಳಿದ ಔಷಧಿ ಮುಂದುವರಿಸುವ ದಾರಿಯೂ ಇದೆ.

‘ಸ್ವಲ್ಪ ಜೋಮು’ ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಕೆಲಸದ ಹೆಸರು ಹೇಳಿ: ಅಂಗಿ ಗುಂಡಿ ಹಾಕಲಾಗುತ್ತಿಲ್ಲ, ಸಹಿ ಬದಲಾಗಿದೆ, ಹೂ ಕಟ್ಟಲಾಗುತ್ತಿಲ್ಲ, ಜೇಬಿನಲ್ಲಿ ನಾಣ್ಯ ತಡವಿ ಗುರುತು ಸಿಗುತ್ತಿಲ್ಲ, ನಡೆಯುವಾಗ ಚಪ್ಪಲಿ ಕಳಚಿದ್ದು ಗೊತ್ತಾಗುತ್ತಿಲ್ಲ. ಮುಂದಿನ ಡ್ರಿಪ್‌ನ ಬೆಳಿಗ್ಗೆ ಜೋಮು ಇನ್ನೂ ಇದೆಯೇ, ಹೋಗಿದೆಯೇ ಎಂಬ ಒಂದು ಮಾತಿನ ಮೇಲೆ ಡೋಸ್ ನಿರ್ಧಾರವಾಗುತ್ತದೆ. ಕ್ಯಾಲೆಂಡರಿನಲ್ಲೇ ಬರೆದಿಡಿ.

ತಡೆಯಲು ಮಾತ್ರೆ ಇಲ್ಲ. ಕ್ಯಾಲ್ಸಿಯಂ-ಮೆಗ್ನೀಸಿಯಂ ಡ್ರಿಪ್ ಪರೀಕ್ಷೆಯಲ್ಲಿ ಸೋತಿದೆ. ಅಂಗಡಿಯ ‘ನರದ ಮಾತ್ರೆ’ಗಳನ್ನು ನೀವಾಗಿ ಶುರುಮಾಡಬೇಡಿ, ಬಿ6 ಅತಿಯಾದರೆ ಅದರಿಂದಲೇ ಜೋಮು ಬರುತ್ತದೆ. ಉರಿ-ನೋವು ಇದ್ದರೆ ಡುಲೋಕ್ಸೆಟಿನ್ ಕೆಲವರಿಗೆ ಕೆಲಸ ಮಾಡುತ್ತದೆ. ಬರೀ ಜೋಮಿಗೆ ಅಷ್ಟಾಗಿ ಇಲ್ಲ.

ಕೊನೆಯ ಡೋಸ್ ಆದ ಮೇಲೂ ಎರಡು ಮೂರು ತಿಂಗಳು ಜೋಮು ಏರುತ್ತಲೇ ಹೋಗಬಹುದು. ಕ್ಯಾನ್ಸರ್ ಮರಳಿತೆಂದು ಹೆದರಬೇಡಿ, ಈ ಔಷಧಿಯ ನಡೆಯೇ ಹಾಗೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ, ಕೆಲವರಲ್ಲಿ ವರ್ಷಗಳವರೆಗೆ ಉಳಿಯುತ್ತದೆ. ಅಲ್ಲಿಯವರೆಗೆ ಸ್ನಾನದ ನೀರಿನ ಬಿಸಿಯನ್ನು ಬೆರಳಿಂದ ಅಲ್ಲ, ಮೊಣಕೈಯಿಂದ ನೋಡಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ತರಕಾರಿ ಹೆಚ್ಚುವಾಗ ಕಣ್ಣು ಈಳಿಗೆಯ ಮೇಲಿರಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲೊಂದು ದೀಪ ಉರಿಯಲಿ, ಮಲಗುವ ಮುನ್ನ ಪಾದದಡಿಯಲ್ಲಿ ಗಾಯ, ಗುಳ್ಳೆ ಇದೆಯೇ ಎಂದು ಕನ್ನಡಿ ಹಿಡಿದು ನೋಡಿ.